ಕಡ ತಂದ ದನಿ

ಗಂಡನನ್ನು ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅಡುಗೆಯವಳು ಗಂಜಿಯನ್ನು ಎರಡು ಬಟ್ಟಲಲ್ಲಿ ತಂದಿಟ್ಟಳು. ಇಟ್ಟ ಮೇಲೆ ಅವಳಿಗೆ ನೆನಪಾಯಿತು. ಒಂದನ್ನು ಎತ್ತಿಕೊಳ್ಳಲು ಕೈ ಚಾಚಿದಳು.

"ಇರಲಿ ಬಿಡು," ಎಂದೆ.

ಡೋಲಿನವರು ಹೋಗಿದ್ದರು. ಧೂಪದ ಹೊಗೆ ಹೋಗಿತ್ತು. ಬಾಡಿಗೆಗೆ ಅಳಲು ಬಂದಿದ್ದವರು ಅದಕ್ಕೆಂದೇ ಕಡ ತಂದ ಒಳ್ಳೊಳ್ಳೆಯ ದನಿಗಳನ್ನು ಅವರವರಿಗೆ ಮರಳಿಸಿ, ತಮ್ಮ ತಮ್ಮ ಒರಟು ದನಿಯಲ್ಲಿ ಹರಟುತ್ತ ಮನೆ ಸೇರಿದ್ದರು. ಹೊರಗೆ ನೀರು ಮಾರುವವನು ಕೂಗುತ್ತ ಹೋದ. ಅವನಿಗೆ ನೆಗಡಿ ಇರಬೇಕು, ಕೂಗು ಅವನ ನಾದಿನಿಯದಾಗಿತ್ತು. ನನಗೆ ಅಳು ಬಂದಿರಲಿಲ್ಲ, ಆಗಲೂ ಬರಲಿಲ್ಲ. ಗಂಜಿಯ ಮೇಲೆ ತೆಳುವಾಗಿ ಕೆನೆ ಕಟ್ಟುವುದನ್ನು ನೋಡುತ್ತ ಕೂತಿದ್ದೆ.

ಹಜಾರದ ಗೋಡೆಗೆ ಕೊಡೆಗಳು ಒರಗಿ ನಿಂತಿದ್ದವು. ಬಿದಿರಿನ ಕಡ್ಡಿ, ಎಣ್ಣೆ ಕಾಗದ. ವರ್ಷಕ್ಕೊಂದು ಎಂದು ಅವನು ಕೊಂಡು ತಂದವು. ಮಳೆ ಅಪರೂಪವಾದ ಊರಿನಲ್ಲಿ ಇಷ್ಟು ಕೊಡೆ ಯಾಕೆ ಎಂದು ಅಡುಗೆಯವಳು ಗುಡಿಸುವಾಗಲೆಲ್ಲ ಗೊಣಗುತ್ತಿದ್ದಳು. ಗೋಡೆಗೆ ಎಷ್ಟು ಕೊಡೆಯೋ ನಮ್ಮ ಮದುವೆಗೆ ಅಷ್ಟು ವರ್ಷ. ಅವುಗಳ ಪಕ್ಕದ ಮಣೆಯ ಮೇಲೆ ಚಿಕ್ಕ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹಸಿರು ಕಲ್ಲಿನ ಜೀರುಂಡೆ. ಜೀರುಂಡೆಯೊಳಗೆ ನನ್ನ ಗಂಡ ನನ್ನನ್ನು ಕರೆಯುತ್ತಿದ್ದ ದನಿ.

ಈ ಊರಿನಲ್ಲಿ ದನಿಯನ್ನು ಕಡ ಕೊಡುತ್ತಾರೆ. ಕೊಡುವವರು ಕಲ್ಲಿನ ಜೀರುಂಡೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ತೆಗೆಯುತ್ತಾರೆ, ಪಡೆಯುವವರು ಅದನ್ನು ತಮ್ಮ ನಾಲಿಗೆಯ ಕೆಳಗೆ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಕೊಟ್ಟವರು ಮಣಿಕಟ್ಟಿಗೆ ನೀಲಿ ದಾರ ಕಟ್ಟಿಕೊಂಡು ಮೂಕರಾಗಿ ಓಡಾಡುತ್ತಾರೆ. ನೀಲಿ ದಾರದವರಿಗೆ ಅಂಗಡಿಯವರು ಒಂದು ಹಿಡಿ ಹೆಚ್ಚಿಗೆ ಹಾಕಬೇಕು, ಅವರು ಚೌಕಾಶಿ ಮಾಡಲಾರರಲ್ಲ. ನಾಚಿಕೆ ಸ್ವಭಾವದ ಹುಡುಗ ಹೆಣ್ಣು ಕೇಳಲು ಹೋಗುವಾಗ ಸೋದರಮಾವನ ದನಿ ಒಯ್ಯುತ್ತಾನೆ. ಜಗಳಕ್ಕೆ ಹೊರಟ ಹೆಂಗಸು ಪಕ್ಕದ ಮನೆಯವಳದನ್ನು ಕೇಳುತ್ತಾಳೆ. ಕಿತ್ತುಕೊಂಡರೆ ದನಿ ಕಲ್ಲಿನಿಂದ ಹೊರಗೆ ಬರುವುದಿಲ್ಲ, ಮನಸ್ಸಿನಿಂದ ಕೊಡಬೇಕು. ಸತ್ತವರ ಬಾಯಲ್ಲಿ ಜೀರುಂಡೆ ಇಟ್ಟು ತೆಗೆಯದಿದ್ದರೆ ದನಿ ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ.

ಬೀದಿಯವರ ನಿಯಮ ಸರಳ. ಕಡ ತಂದ ದನಿಯಲ್ಲಿ ಆಡಿದ ಮಾತು ಆಡಿದವನದು, ದನಿ ಕೊಟ್ಟವನದಲ್ಲ. ಬೇರೆಯವರ ದನಿಯಲ್ಲಿ ಹಂದಿ ಕೊಂಡರೂ ಹಂದಿ ಕೊಂಡವನ ಮನೆಗೇ ಬರುತ್ತದೆ. ಆದರೆ ಯಾರು ಕಡ ತಂದರೆಂದು ಹೇಳುವ ಹಕ್ಕು ಕೊಟ್ಟವನಿಗೆ ಮಾತ್ರ. ಪಡೆದವನು ಬಾಯಿ ಬಿಡುವಂತಿಲ್ಲ, ಪಡೆದವನ ಮನೆಯವರೂ ಬಿಡುವಂತಿಲ್ಲ. ದನಿ ಮರಳಿ ಬಂದ ದಿನ ಕೊಟ್ಟವನು ಬೀದಿಯಲ್ಲಿ ನಿಂತು ಪಡೆದವನ ಹೆಸರನ್ನು ಗಟ್ಟಿಯಾಗಿ ಕೂಗಿ "ಬಂದು ಸೇರಿತು" ಎನ್ನಬೇಕು. ಕೂಗಲು ಮನಸ್ಸಿಲ್ಲದಿದ್ದರೆ ಕೂಗದೆ ಇರಬಹುದು. ಆಗ ಕಡ ಕೊಟ್ಟೇ ಇರಲಿಲ್ಲ ಎಂದು ಲೆಕ್ಕ, ಆಡಿದ ಮಾತೆಲ್ಲ ದನಿಯ ಒಡೆಯನದೇ.

ಅರಮನೆಯ ನಿಯಮ ಬೇರೆ. ಅಲ್ಲಿ ದನಿಯೇ ಮನುಷ್ಯ. ರಾಜವಂಶದ ಗಂಡಸರ ಮುಖದ ಮುಂದೆ ಸದಾ ಮಣಿಗಳ ಪರದೆ ತೂಗುತ್ತಿರುತ್ತದೆ, ಮುಖವನ್ನು ಯಾರೂ ನೋಡುವಂತಿಲ್ಲ. ಬಾಗಿಲಲ್ಲಿ ಕಣ್ಣಿಲ್ಲದವರನ್ನು ಕೂರಿಸಿರುತ್ತಾರೆ. ಅವರು ದನಿ ಕೇಳಿ ಅಗುಳಿ ತೆಗೆಯುತ್ತಾರೆ. ರಾಜವಂಶದವರು ದನಿ ಕಡ ಕೊಡಬಾರದು, ತರಬಾರದು. ಅವರು ಸತ್ತ ಮೇಲೆ ಜೀರುಂಡೆಯನ್ನು ಹಿರಿಯರ ಗುಡಿಯಲ್ಲಿ ಇಡುತ್ತಾರೆ.

ನಾನು ಉತ್ತರದವಳು. ಅಲ್ಲಿನ ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಒಪ್ಪಂದಗಳ ಶಾಸ್ತ್ರ. ಓದಿ ಮುಗಿಸುವ ಹೊತ್ತಿಗೆ ನಾನೇ ಒಂದು ಒಪ್ಪಂದದ ಕಲಮಾದೆ. ನಮ್ಮ ದೊಡ್ಡಪ್ಪ ಉತ್ತರದ ಅರಸು. ಈ ಊರಿನ ಮೇಲೆ ಅವರ ಯುದ್ಧ ಎರಡೂ ಕಡೆಯವರಿಗೆ ಸಾಕಾಗಿತ್ತು. ತಮ್ಮನ ಮಗಳನ್ನು ಈ ಊರಿನ ಮೂರನೆಯ ರಾಜಕುಮಾರ ಚೆಂಗ್‌ಯಾನನಿಗೆ ಕೊಡುವುದು, ಮದುವೆಯ ದಿನವೇ ಪಾಳೆಯ ಕೀಳುವುದು ಎಂದಾಯಿತು. ರಾಜಕುಮಾರ ಎಳವೆಯಿಂದ ಬೆಟ್ಟದ ಮೇಲಿನ ಗುರುಕುಲದಲ್ಲಿ ಬೆಳೆದವನು, ಮದುವೆಗೆಂದೇ ಕೆಳಗಿಳಿದು ಬಂದಿದ್ದ. ನನ್ನ ತಲೆಯ ಮೇಲೆ ಕೆಂಪು ಬಟ್ಟೆ, ಅವನ ಮುಖದ ಮುಂದೆ ಮಣಿಯ ಪರದೆ. ಎರಡನ್ನೂ ದಾಟಿ ಬಂದದ್ದು ದನಿ ಒಂದೇ. ವಚನ ಹೇಳಬೇಕಾದ ಹೊತ್ತಿನಲ್ಲಿ ಅದು ಮೆಲ್ಲಗೆ ಕೇಳಿತು:

"ದಾರೀಲಿ ತುಂಬ ಚಳಿ ಆಯ್ತಾ?"

ಎಡೆಬಿಡದೆ ಪಲ್ಲಕ್ಕಿಯಲ್ಲಿ ಕೂತು ಬಂದಿದ್ದೆ. ಒಂದು ಸಾಮ್ರಾಜ್ಯವೇ ನನ್ನ ಮದುವೆಯ ಚರ್ಚೆ ಮಾಡಿತ್ತು, ಚಳಿಯ ವಿಚಾರ ಯಾರೂ ಎತ್ತಿರಲಿಲ್ಲ. ವಚನ ಆಮೇಲೆ ಹೇಳಿದ. ಹೊರಗೆ ಕೋಟೆಯ ಮೇಲಿನ ಸೈನಿಕರು ತಲೆಯ ಕಬ್ಬಿಣದ ಟೊಪ್ಪಿಗೆ ತೆಗೆದು, ಯುದ್ಧ ಮುಗಿಯಿತೆಂದು ಕೂಗಾಡುವುದು ಕೇಳಿಸಿತು.

ಕಡ ತಂದ ದನಿ ನಿದ್ದೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಲಗಿದವನು ಕನವರಿಸಿದರೆ ಅವನದೇ ದನಿ ಹೊರಗೆ ಬರುತ್ತದೆ. ಮೊದಲ ಬೇಸಿಗೆಯ ಒಂದು ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಉರುಳಿದ್ದವನು ನಿದ್ದೆಯಲ್ಲಿ ಗಟ್ಟಿಯಾಗಿ ಅಂದ: "ಅಪ್ಪಾ, ಇದ್ದಲು ಸುರಿ, ಕಂಚು ಆರ್ತಾ ಐತೆ!" ಅದು ಅಗಲವಾದ, ತಳ ಸೀದಂಥ ದನಿ. ಕೋಟೆಯಾಚೆ ಗಂಟೆ ಎರಕ ಹೊಯ್ಯುವವರ ಕೇರಿಯ ಮಾತು. ನಾನು ಬೀಸಣಿಗೆ ಹಿಡಿದು ಅವನ ಪಕ್ಕದಲ್ಲಿ ಕೂತಿದ್ದೆ. ಬೀಸುವುದನ್ನು ನಿಲ್ಲಿಸಲಿಲ್ಲ. ನಾನು ರಾಜಕುಮಾರನಲ್ಲದವನ ಹೆಂಡತಿ ಎಂದು ತಿಳಿದ ಆ ಗಳಿಗೆಯಲ್ಲಿ ನನಗೆ ಮೊದಲು ಅನ್ನಿಸಿದ್ದು ಹೆದರಿಕೆಯಲ್ಲ. ಹಾಗಾದರೆ ಚಳಿಯ ಮಾತು ಕೇಳಿದ್ದು ಇವನು, ಅಂದುಕೊಂಡೆ.

ಮುಂದಿನ ಬೇಸಿಗೆಯವರೆಗೆ ನಾನು ಏನೂ ಕೇಳಲಿಲ್ಲ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ, "ಕಂಚು ಕರಗೋಕೆ ಎಷ್ಟು ಹೊತ್ತು ಬೇಕು?" ಎಂದೆ.

ಅವನು ಊಟದ ಕಡ್ಡಿಗಳನ್ನು ಕೆಳಗಿಟ್ಟ. "ಯಾವಾಗಿಂದ ಗೊತ್ತು?"

"ಹೋದ ಬೇಸಿಗೆಯಿಂದ."

"ಕೇಳಬೇಕು ಅನ್ನಿಸ್ಲಿಲ್ವಾ?"

"ನೀನೇ ಹೇಳ್ತೀಯೇನೋ ಅಂತ ಕಾದೆ."

"ಬಾಯಿಬಿಟ್ಟು ಹೇಳೋ ಹಕ್ಕು ನನಗಿಲ್ಲ, ಹಾನ್ಲು." ಚಹಾದ ಬಟ್ಟಲನ್ನು ಹತ್ತಿರ ಎಳೆದುಕೊಂಡ. "ಅಂಗೈ ಮೇಲೆ ಬರೀಬಾರದು ಅಂತ ಮಾತ್ರ ಯಾರೂ ಹೇಳಿಲ್ಲ."

ಚಹಾದಲ್ಲಿ ಬೆರಳು ಅದ್ದಿ ನನ್ನ ಅಂಗೈ ಮೇಲೆ ಬರೆದ. ತೊಂಗ್ ಬೋಲಿನ್. ಅದು ಅವನ ಹೆಸರು. ಅದು ಆರುವ ಮೊದಲೇ ಮುಂದಿನದನ್ನು ಬರೆದ. ಬೆಟ್ಟದ ಗುರುಕುಲಕ್ಕೆ ಗಂಟೆ ಹೊತ್ತು ತಂದ ಅಪ್ಪನ ಜೊತೆ ಬಂದವನನ್ನು ಗುರುಗಳು ಅಲ್ಲೇ ಉಳಿಸಿಕೊಂಡರಂತೆ. ರಾಜಕುಮಾರನಿಗೆ ಅವನೇ ಜೊತೆಗಾರ. ಅರಮನೆಯಿಂದ ಕರೆ ಬಂದಾಗ ರಾಜಕುಮಾರ ಮೂಲೆ ಸೇರಿ ಕೂತನಂತೆ. ಮಣಿಯ ಪರದೆಯ ಹಿಂದೆ ಒಂದು ಜನ್ಮ ಕಳೆಯಲಾರೆ, ಮದುವೆ ಮುಗಿಯುವ ತನಕ ಮಾತ್ರ ನೀನು ಹೋಗು, ಆಮೇಲೆ ಬರುತ್ತೇನೆ ಎಂದನಂತೆ. ಮದುವೆ ಮುಗಿಯಿತು, ಸೈನಿಕರು ಊರಿಗೆ ಹೋಗಿ ಗದ್ದೆಗಿಳಿದರು. ರಾಜಕುಮಾರ ಅಷ್ಟರಲ್ಲಿ ಕೊಡೆ ಬೀದಿಯಲ್ಲಿ ಬಿದಿರು ಸೀಳುವುದನ್ನು ಕಲಿತಿದ್ದ. ಬೋಲಿನ್ ಪ್ರತಿ ವರ್ಷ ಅವನಲ್ಲಿಗೆ ಹೋಗಿ ಒಂದು ಕೊಡೆ ಕೊಳ್ಳುವಾಗ, ದನಿ ವಾಪಸ್ಸು ಬೇಕೇ ಎಂದು ಅವನ ಅಂಗೈ ಮೇಲೆ ಬರೆಯುತ್ತಿದ್ದ. ಅವನು, ಇನ್ನೊಂದು ವರ್ಷ ಇರಲಿ, ಎಂದು ಬರೆಯುತ್ತಿದ್ದ.

"ಇನ್ನೂ ಯಾಕೆ ಇಲ್ಲೇ ಇದ್ದೀಯ? ಒಪ್ಪಂದಕ್ಕಾ?" ಎಂದು ಕೇಳಿದೆ.

ಅವನು ನನ್ನ ಒದ್ದೆ ಅಂಗೈಯನ್ನು ಮಡಿಸಿ ಮುಷ್ಟಿ ಮಾಡಿ ಹಿಡಿದುಕೊಂಡ.

ಅವನು ಆ ದನಿಯನ್ನು ಬಳಸಿದ ರೀತಿಯನ್ನು ನಾನು ಹೇಳಲೇಬೇಕು. ದಿನಾ ಬೆಳಿಗ್ಗೆ ಜೇನು ಬೆರೆಸಿದ ಬಿಸಿನೀರು ಕುಡಿಯುತ್ತಿದ್ದ. ಒಂದು ದಿನವೂ ಕೂಗಿದ್ದಿಲ್ಲ. ಬೆಕ್ಕು ಮೀನು ಕಚ್ಚಿಕೊಂಡು ಓಡಿದರೆ ಚಪ್ಪಾಳೆ ತಟ್ಟುತ್ತಿದ್ದ, ಗದರುತ್ತಿರಲಿಲ್ಲ. ಯಾಕೆಂದರೆ, "ಇನ್ನೊಬ್ಬರ ವಸ್ತು, ಬಿರುಕು ಬಿಡಬಾರದು." ಸಭೆಯಲ್ಲಿ ಆ ದನಿಯಿಂದ ಒಬ್ಬರಿಗೂ ಗಲ್ಲು ಹೇಳಲಿಲ್ಲ. ಹೋದ ಚಳಿಗಾಲದ ಕೆಮ್ಮು ಎದೆಗೆ ಇಳಿದಾಗ, ಕೆಮ್ಮಿನಲ್ಲಿ ದನಿ ಸವೆಯುತ್ತದೆ ಎಂದು ಮಾತನ್ನೇ ನಿಲ್ಲಿಸಿದ. ಹೀಗಾಗಿ ನನಗೆ ಅವನ ಕೊನೆಯ ಮಾತು ಎಂಬುದಿಲ್ಲ. ಅಂಗೈ ಮೇಲೆ ಬೆರಳು ಓಡಿದ್ದಿದೆ. ಕೊನೆಗೆ ಬರೆದದ್ದು, 'ತಲುಪಿಸು'.

ಜೀರುಂಡೆಯನ್ನು ಅವನ ನಾಲಿಗೆಯ ಕೆಳಗೆ ಇಟ್ಟವಳು ನಾನೇ, ತೆಗೆದವಳೂ ನಾನೇ. ಒಂದು ಕಲ್ಲು ಒಂದೇ ದನಿ ಹಿಡಿಯುತ್ತದೆ. ಕಡದ ದನಿ ಕಲ್ಲಿಗೆ ಬಂತು. ಇದ್ದಲು ಕೇಳಿದ ಆ ಅಗಲವಾದ ದನಿ ಅವನ ಜೊತೆ ಮಣ್ಣಿಗೆ ಹೋಯಿತು. ಅದನ್ನು ಕೇಳಿ ಬಲ್ಲವರಲ್ಲಿ ಉಳಿದವರು ಕೊಡೆ ಬೀದಿಯವನು ಮತ್ತು ನಾನು. ಅವನ ಅಪ್ಪ, ಅಮ್ಮ ಈಗಿಲ್ಲ. ಗೋರಿಯ ಮೇಲೆ ಚೆಂಗ್‌ಯಾನ್ ಎಂದು ಕೆತ್ತಿದ್ದಾರೆ. ಗಂಡನ ಹೆಸರನ್ನು ನಾನು ಒಂದು ಸಲವೂ ಬಾಯಿಬಿಟ್ಟು ಕರೆದಿಲ್ಲ. ನಾಲ್ಕು ಗೋಡೆಗಳ ನಡುವೆಯೂ ತುಟಿ ಆಡಿಸುತ್ತಿದ್ದೆ, ಅಷ್ಟೇ.

ಗಂಜಿ ಆರಿತ್ತು. ಪೆಟ್ಟಿಗೆ ತೆರೆದೆ. ಜೀರುಂಡೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಒಂದು ಸಲ ಬಾಯಿ ತೆರೆದು 'ಹಾನ್ಲು' ಎಂದರೆ ಸಾಕಿತ್ತು, ಅವನು ಕರೆದಂತೆಯೇ ಕೇಳಿಸುತ್ತಿತ್ತು. ಕಲ್ಲು ಒಗರಾಗಿತ್ತು. ತುಟಿ ಬಿಗಿದು ಕೂತೆ. ಕಡ ತಂದವನು ಸಾಯುವಾಗಲೂ ಅದನ್ನು ಸವೆಸಲಿಲ್ಲ, ನಾನು ಹೇಗೆ ಸವೆಸಲಿ? ದನಿಯನ್ನು ಕಲ್ಲಿಗೇ ಬಿಟ್ಟುಕೊಟ್ಟು ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿ ಇಟ್ಟೆ. ಆಗಲೇ ಹೊರಗೆ ರಾಜಮಾತೆಯ ಪಲ್ಲಕ್ಕಿ ಇಳಿಸಿದ ಸದ್ದಾಯಿತು.

ರಾಜಮಾತೆ ಚೆಂಗ್‌ಯಾನನ ತಾಯಿ. ಕುಳ್ಳಗಿನ ಮುದುಕಿ, ಸದಾ ಕಲ್ಲಂಗಡಿ ಬೀಜ ಕಟಕಟ ಕಡಿಯುವವರು. ಸಿಪ್ಪೆ ಹಿಡಿಯಲು ಬೆಳ್ಳಿಯ ತಟ್ಟೆ ಹೊತ್ತ ದಾಸಿಯನ್ನು ಹೊರಗೇ ನಿಲ್ಲಿಸಿ, ಸಿಪ್ಪೆಯನ್ನು ತಮ್ಮ ಅಂಗೈಯಲ್ಲೇ ಹಿಡಿದುಕೊಂಡು ಒಳಗೆ ಬಂದರು.

"ಗಂಜಿ ಕುಡಿದ್ಯಾ?"

"ಕುಡಿದೆ, ಅಮ್ಮನವರೇ."

"ಉತ್ತರದವರು ಸುಳ್ಳು ಹೇಳೋದನ್ನ ವಿಶ್ವವಿದ್ಯಾಲಯದಲ್ಲಿ ಕಲಿಸಲ್ವೇನೋ. ಎರಡು ಬಟ್ಟಲೂ ತುಂಬಿವೆ." ಕೂತರು. "ಪೆಟ್ಟಿಗೆ ಕೊಡು. ಹುಣ್ಣಿಮೆಗೆ ಹಿರಿಯರ ಗುಡಿಯಲ್ಲಿ ಅವರಪ್ಪನ ಪಕ್ಕ ಇಡಿಸ್ತೀನಿ."

"ಅದು ಅಲ್ಲಿ ಇಡೋ ವಸ್ತು ಅಲ್ಲ."

"ಯಾಕೆ?"

"ಯಾಕೆ ಅನ್ನೋದನ್ನ ಹೇಳೋ ಹಕ್ಕು ನನಗಿಲ್ಲ."

ಈ ಊರಿನಲ್ಲಿ ಆ ಮಾತೇ ಸಾಕು. ಬೀಜ ಕಡಿಯುವುದು ನಿಂತಿತು. ಅವರು ಚೀರುತ್ತಾರೆ, ಕಾವಲಿನವರನ್ನು ಕರೆಯುತ್ತಾರೆ ಎಂದು ಕಾದೆ. ಅವರು ಸಿಪ್ಪೆಗಳನ್ನು ನನ್ನ ಗಂಡನ ಗಂಜಿಯ ಬಟ್ಟಲ ಪಕ್ಕದಲ್ಲಿ ಒಂದೊಂದಾಗಿ ಉದುರಿಸಿದರು.

"ಆ ದನಿ ಹೆತ್ತವಳು ನಾನು. ಅದು ಬೇರೆ ಬಾಯಲ್ಲಿ ಕೂತರೆ ನನಗೆ ತಿಳಿಯಲ್ಲ ಅಂದ್ಕೊಂಡ್ರೇನು ನೀವಿಬ್ರೂ? ನನ್ನ ಮಗ ಹುಟ್ಟಿದಾಗಿಂದ ಇನ್ನೊಬ್ಬರ ಮಾತು ಮುಗಿಯೋವರೆಗೆ ಕಾದವನಲ್ಲ. ಇವನು ಕಾಯ್ತಿದ್ದ. ಬಂದ ಹೊಸದರಲ್ಲಿ ಒಂದಿನ ನನಗೆ ಮಂಡಿ ನೋವು ಅಂದೆ. ಯಾವ ಮಂಡಿ ಅಂತ ಕೇಳಿದ." ಅವರು ಬಲ ಮಂಡಿಯನ್ನು ಸವರಿಕೊಂಡರು. "ನನ್ನ ಹೊಟ್ಟೇಲಿ ಹುಟ್ಟಿದ ನಾಲ್ವರಲ್ಲಿ ಒಬ್ಬನೂ ಇವತ್ತಿನವರೆಗೆ ಯಾವ ಮಂಡಿ ಅಂತ ಕೇಳಿಲ್ಲ ಕಣೇ."

"ಗೊತ್ತಿದ್ದೂ ಸುಮ್ಮನಿದ್ರಾ?"

"ಯುದ್ಧ ನಿಂತಿತ್ತು. ಮಂಡಿಗೆ ಅವನು ಕಳಿಸೋ ಎಣ್ಣೆ ಬರ್ತಿತ್ತು. ಮಾತಾಡಿ ಏನು ಕಟ್ಕೊಳ್ಳಲಿ?" ಅವರು ಮುಂದೆ ಬಾಗಿದರು. "ಅಂದ್ರೆ ನನ್ನವನು ಬದುಕಿದ್ದಾನೆ."

ನಾನು ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡೆ.

"ಹೇಳಬೇಡ, ಬೇಡ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ. ಹಾಗಾದ್ರೆ ಕೇಳು. ದನಿ ಅವನಿಗೆ ತಲುಪಲಿ. ಅವನು ಅರಮನೆಗೆ ಬರಲಿ, ರಾಜಕುಮಾರ ಸತ್ತ ಅನ್ನೋದು ತಪ್ಪು ಸುದ್ದಿ ಆಗಲಿ. ವಚನ ಕೊಟ್ಟ ದನಿ ಬದುಕಿದೆ ಅಂದಮೇಲೆ ನೀನು ವಿಧವೆ ಹೇಗಾಗ್ತೀಯ? ಈ ಬಿಳಿ ನಾರುಬಟ್ಟೆ ಬಿಚ್ಚು. ಒಪ್ಪಂದವೂ ಉಳೀತು, ನೀನೂ ಉಳಿದೆ. ಗಂಡ ಸಾಯಲೇ ಇಲ್ಲ ಅಂದ್ರೆ ಬೇಡ ಅನ್ನೋ ಹೆಣ್ಣುಂಟಾ ಲೋಕದಲ್ಲಿ?"

"ಹಾಗಾದ್ರೆ ನಾವು ಮಣ್ಣು ಮಾಡಿದ್ದು ಯಾರನ್ನ?"

"ಯಾರನ್ನೋ," ಎಂದರು ರಾಜಮಾತೆ. ಹೇಳಿದ ಮೇಲೆ ಕಣ್ಣು ತಪ್ಪಿಸಿದರು.

ಆ ದಿನಗಳಲ್ಲಿ ನನಗೆ ಬಿಸಿ ತಂಪು ಎರಡೂ ತಿಳಿಯುತ್ತಿರಲಿಲ್ಲ. ಆ ಒಂದು ಮಾತು ಮಾತ್ರ ಸುಟ್ಟಿತು.

"ಅಮ್ಮನವರೇ, ನಾನು ಬಿಳಿ ಉಟ್ಟಿರೋದು ದನಿಗಲ್ಲ. ಅದು ಯಾರದೋ, ಅವರಿಗೆ ಇವತ್ತು ತಲುಪುತ್ತೆ. ನಾನು ಉಟ್ಟಿರೋದು ದನಿ ಜೋಪಾನ ಮಾಡಿದವನಿಗೆ. ಅವನು ಯಾರೋ ಅಲ್ಲ."

"ಒಪ್ಪಂದ ಮುರಿಯುತ್ತೆ. ರಾಜಕುಮಾರನಿಗೆ ಅಂತ ಕೊಟ್ಟ ಹೆಣ್ಣು ಯಾರ ಮನೆ ಸೇರ್ತು ಅಂತ ನಿಮ್ಮ ದೊಡ್ಡಪ್ಪ ಕುದುರೆ ಹತ್ತಿದ್ರೆ?"

"ಮೋಸ ಆಯ್ತು ಅಂತ ದೂರು ಕೊಡಬೇಕಾದವಳು ನಾನೊಬ್ಬಳೇ. ನನಗೆ ಮೋಸ ಆಗಿಲ್ಲ. ದೊಡ್ಡಪ್ಪನಿಗೆ ನಾನೇ ಹೇಳಿ ಕಳಿಸ್ತೀನಿ, ಇಲ್ಲಿ ನನ್ನ ಗಂಡ ತೀರಿಕೊಂಡರು, ಗಂಡನ ಊರು ಬಿಟ್ಟು ನಾನು ಬರಲ್ಲ ಅಂತ. ಇನ್ನೇನು ಬೇಕು ಒಪ್ಪಂದಕ್ಕೆ?"

ರಾಜಮಾತೆ ಒಂದು ಬೀಜ ಬಾಯಿಗೆ ಹಾಕಿಕೊಂಡರು.

"ನಿನ್ನ ಮಾತು ನಡೆಯಲ್ಲ, ನನ್ನ ಮಾತೂ ನಡೆಯಲ್ಲ. ಕಡ ಕೊಟ್ಟವನು ಹೆಸರು ಕೂಗಿದ್ರೆ ನಿನ್ನದು. ಕೂಗದಿದ್ರೆ ನನ್ನದು, ಅವನನ್ನ ಪಲ್ಲಕ್ಕೀಲಿ ಕೂರಿಸಿಕೊಂಡು ಬರ್ತೀನಿ, ನೀನು ಬಿಳಿ ಬಿಚ್ಚಬೇಕು. ಲುವೋ ಅಜ್ಜಿ ನಿನ್ನ ಜೊತೆ ಬರ್ತಾಳೆ. ಅರಮನೆಯ ಕಿವಿ ಅವಳದು. ಅವಳು ಏನು ಕೇಳಿಸ್ಕೊಂಡಳೋ ಅದೇ ಆಗಿದ್ದು. ಒಪ್ಪಿಗೆಯಾ?"

"ಒಪ್ಪಿಗೆ," ಎಂದೆ. ದನಿ ಮರಳಿಸುವವರು, ಅದು ಒಡೆಯನ ಬಾಯಿಂದ ಹೊರಡುವವರೆಗೆ, ತಾವು ಮಾತಾಡಬಾರದು ಎಂಬುದು ನೆನಪಾದದ್ದು ಒಪ್ಪಿದ ಮೇಲೆ. ಕೊಡೆ ಬೀದಿಯವನಿಗೆ ನಾನು ಏನನ್ನೂ ಕೇಳಿಕೊಳ್ಳುವಂತಿರಲಿಲ್ಲ.

ಲುವೋ ಅಜ್ಜಿ ಅರಮನೆಯ ದೊಡ್ಡ ಬಾಗಿಲಲ್ಲಿ ಕೂರುವ ಕಣ್ಣಿಲ್ಲದ ಮುದುಕಿ. ಈವರೆಗೆ ಒಂದು ದನಿಯನ್ನೂ ತಪ್ಪಿ ಒಳಗೆ ಬಿಟ್ಟಿಲ್ಲ ಎಂಬ ಹೆಮ್ಮೆ ಅವಳದು. ಬಿಸಿಲೇರಿದ ಹೊತ್ತಿನಲ್ಲಿ ನನ್ನ ತೋಳು ಹಿಡಿದು ಹೊರಟಳು. ನಾನು ಒಂದು ಕೊಡೆಯನ್ನೂ ತೆಗೆದುಕೊಂಡಿರಲಿಲ್ಲ.

"ಮಾತಾಡಲ್ಲ ಅಲ್ವಾ ನೀನು, ಸರಿ, ನಾನೇ ಆಡ್ತೀನಿ," ಎಂದಳು ದಾರಿಯಲ್ಲಿ. "ಮೂರನೇ ರಾಜಕುಮಾರರು ದಿನಾ ಬಾಗಿಲಲ್ಲಿ ನನ್ನ ಕೇಳೋರು, ಅಜ್ಜಿ, ಚಹಾ ಕುಡಿದ್ಯಾ ಅಂತ. ಬಾಗಿಲು ತೆಗಿ ಅಂತ ಅಂದವರೇ ಅಲ್ಲ. ಚಹಾ ವಿಚಾರ್ಸೋರು, ನಾನು ತೆಗೀತಿದ್ದೆ." ನನ್ನ ತೋಳಿನ ಹಿಡಿತ ಸರಿಮಾಡಿಕೊಂಡಳು. "ಹೆಜ್ಜೆ ಮಾತ್ರ ಭಾರ ಹೊತ್ತು ಅಭ್ಯಾಸ ಇದ್ದವರ ಥರ. ಅದು ನಂಗ್ಯಾಕೆ? ನನ್ನ ಕೆಲಸ ದನಿ ಕೇಳೋದು."

ಬೀದಿಯಲ್ಲಿ ಜನ ದಾರಿ ಬಿಟ್ಟರು. ಬಿಳಿ ಉಟ್ಟವಳು ಎರಡು ಕೈಯಲ್ಲಿ ಪೆಟ್ಟಿಗೆ ಹಿಡಿದು ನಡೆದರೆ ಏನೆಂದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ರಾಜವಂಶದ ಬಿಳಿ ಉಟ್ಟವಳನ್ನು ಹಾಗೆ ಯಾರೂ ನೋಡಿರಲಿಲ್ಲ. ಹಿಂದೆ ಹೆಜ್ಜೆಗಳು ಸೇರುತ್ತಾ ಬಂದವು.

ಕೊಡೆ ಬೀದಿಯಲ್ಲಿ ಅಂಟಿನ ವಾಸನೆ, ಎಣ್ಣೆಯ ವಾಸನೆ. ಒಣಗಲು ಬಿಟ್ಟ ಕೊಡೆಗಳು ಎರಡೂ ಬದಿಗೆ ತೆರೆದುಕೊಂಡಿದ್ದವು. ಒಂದು ಅಂಗಡಿಯಲ್ಲಿ ಮಾತ್ರ ಎಲ್ಲ ಕೊಡೆಗಳನ್ನೂ ಮಡಿಸಿ ತಲೆಕೆಳಗಾಗಿ ತೂಗುಹಾಕಿದ್ದರು. ನಾನು ಅಲ್ಲಿ ನಿಂತೆ.

"ಏನಮ್ಮಾ, ಮೂಗಣ್ಣನ ಹತ್ರಾನಾ?" ಎಂದಳು ಎದುರಿನ ಹಬೆಕಡುಬಿನ ಅಂಗಡಿಯವಳು. "ಮೂರನೇ ರಾಜಕುಮಾರರು ಹೋದಾಗಿಂದ ಅಂಗಡಿ ತೆಗೆದಿಲ್ಲ ಅವ್ನು. ಇವನಿಗೇನು ನೆಂಟರಾ ಅಂತ ತಮಾಷೆ ಮಾಡಿದೆ. ನನ್ನ ಕಡುಬು ಮುಟ್ಟೋದೇ ನಿಲ್ಲಿಸಿಬಿಟ್ಟ!" ನನ್ನ ಕೈಯ ಪೆಟ್ಟಿಗೆ ಕಂಡಿತೇನೋ, ಬಾಯಿಗೆ ಸೆರಗು ಹಿಡಿದಳು.

ಅವನು ಒಳಗಿನಿಂದ ಬಂದ. ತೆಳ್ಳಗಿನ ಮನುಷ್ಯ, ಬೆರಳುಗಳ ಮೇಲೆಲ್ಲ ಬಿದಿರು ಕೊಯ್ದ ಗಾಯದ ಗುರುತು. ಮಣಿಕಟ್ಟಿನ ದಾರದಲ್ಲಿ ನೀಲಿ ಉಳಿದಿರಲಿಲ್ಲ, ಬೂದಿಯ ಬಣ್ಣಕ್ಕೆ ಬಂದಿತ್ತು. ಮೊದಲು ನನ್ನ ಬಿಳಿ ಬಟ್ಟೆ ನೋಡಿದ. ಆಮೇಲೆ ಲುವೋ ಅಜ್ಜಿಯ ಸೊಂಟದ ಅರಮನೆಯ ಪಟ್ಟಿ ನೋಡಿದ. ಅದರ ಅರ್ಥ ಅವನಿಗೆ ತಿಳಿಯಿತು. ಒಂದು ಹೆಜ್ಜೆ ಹಿಂದಿಟ್ಟ.

ನಾನು ಎರಡೂ ಕೈಯಲ್ಲಿ ಪೆಟ್ಟಿಗೆ ಚಾಚಿದೆ.

ಅವನು ತೆಗೆದುಕೊಳ್ಳಲಿಲ್ಲ. ನನ್ನ ಬಲ ಅಂಗೈಯನ್ನು ತೋರಿಸಿದ, ಬರೆಯಲೇ ಎಂಬಂತೆ. ನಾನು ತಲೆ ಅಲ್ಲಾಡಿಸಿದೆ. ಇನ್ನೊಂದು ವರ್ಷ ಎಂದು ಬರೆಯಲು ಅವನಿಗೆ ಈಗ ಸ್ನೇಹಿತನಿರಲಿಲ್ಲ. ಪೆಟ್ಟಿಗೆಯನ್ನು ಇನ್ನೂ ಹತ್ತಿರಕ್ಕೆ ಹಿಡಿದೆ. ಅವನ ಮುಂದೆ ಎಲ್ಲವೂ ಇತ್ತು: ತಾಯಿ, ಅರಮನೆ, ಬೇಕೆಂದರೆ ನಾನು. ಸುಮ್ಮನಿದ್ದರೆ ಸಾಕು, ಎಲ್ಲವೂ ತಾವಾಗಿ ಬಂದು ಅವನ ಮೇಲೆ ಬೀಳುತ್ತಿದ್ದವು. ನನ್ನ ಬಾಯಲ್ಲಿ ಒಂದು ಹೆಸರು ಇತ್ತು, ಅದನ್ನು ಹೇಳುವಂತಿರಲಿಲ್ಲ. ತುಟಿ ಆಡಿಸಿಯಾದರೂ ಹೇಳಿಬಿಡಲೇ ಅನ್ನಿಸಿತು. ಬಾಯಿ ಮುಚ್ಚಿಕೊಂಡು ನೆಟ್ಟಗೆ ನಿಂತೆ. ಬೋಲಿನ್‌ಗಾಗಿ ನಾನು ಬೇಡುವುದಿಲ್ಲ, ಅವನಿಗೆ ಅದರ ಅಗತ್ಯವಿಲ್ಲ.

ಅವನು ಜೀರುಂಡೆಯನ್ನು ತೆಗೆದು ನಾಲಿಗೆಯ ಕೆಳಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ. ಎದುರಿನ ಅಂಗಡಿಯಲ್ಲಿ ಕಡುಬಿನ ಮುಚ್ಚಳ ಮಾತ್ರ ಹಬೆಗೆ ಕುಣಿಯುತ್ತಿತ್ತು. ಲುವೋ ಅಜ್ಜಿ ನನ್ನ ತೋಳನ್ನು ಬಿಗಿಯಾಗಿ ಹಿಡಿದು, ಕಿವಿಯನ್ನು ಮುಂದಕ್ಕೆ ಚಾಚಿ ನಿಂತಿದ್ದಳು.

ಅವನು ಜೀರುಂಡೆಯನ್ನು ಹೊರಗೆ ತೆಗೆದ. ಗಂಟಲು ಸರಿಮಾಡಿಕೊಂಡ. ಆ ಸಣ್ಣ ಸದ್ದಿನಲ್ಲೇ ನನಗೆ ದನಿ ಗುರುತು ಸಿಕ್ಕಿತು. ಅವನು ಅಂಗಡಿಯ ಮೆಟ್ಟಿಲಿಳಿದು ಬೀದಿಯ ನಡುವೆ ಹೋಗಿ ನಿಂತ.

"ತೊಂಗ್ ಬೋಲಿನ್!"

ಆ ದನಿ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಷ್ಟು ವರ್ಷ ಕೂಗದೆ, ಗದರದೆ, ಜೇನು ಬಿಸಿನೀರು ಕುಡಿದು ಕಾಪಾಡಿದ್ದ ದನಿ. ಅದರಲ್ಲಿ ಒಂದು ಗೀರೂ ಇರಲಿಲ್ಲ. ತೂಗುಹಾಕಿದ ಕೊಡೆಗಳ ಕಡ್ಡಿಗಳು ಜುಮ್ಮೆಂದವು.

"ಗಂಟೆ ಎರಕದ ಕೇರಿಯ ತೊಂಗ್ ಬೋಲಿನ್ ನನ್ನ ಹತ್ರ ಕಡ ತಗೊಂಡಿದ್ದು ಬಂದು ಸೇರಿತು! ಕೊಟ್ಟಿದ್ದಕ್ಕಿಂತ ಚೆನ್ನಾಗಿ ಬಂದು ಸೇರಿತು! ಅವನು ಆಡಿದ ಮಾತು ಅವನದು. ಕೊಟ್ಟ ವಚನ ಅವನದು!"

ಅವನ ಮುಖವೆಲ್ಲ ಒದ್ದೆಯಾಗಿತ್ತು. ಜನ ಅಲ್ಲಾಡಲಿಲ್ಲ. ಎಲ್ಲರೂ ಮುದುಕಿಯತ್ತ ನೋಡುತ್ತಿದ್ದರು. ಲುವೋ ಅಜ್ಜಿ ಇಲ್ಲದ ಕಣ್ಣನ್ನು ಆ ದನಿಯ ಕಡೆ ತಿರುಗಿಸಿದಳು. ತಪ್ಪಿಲ್ಲದ ಕಿವಿಯ ಹೆಮ್ಮೆ ಅವಳದಾಗಿತ್ತು, ದಿನಾ ಬೆಳಿಗ್ಗೆ ಯಾರು ಚಹಾ ವಿಚಾರಿಸುತ್ತಿದ್ದರು ಎಂದು ಈಗ ಅವಳಿಗೆ ಗೊತ್ತಾಗಿತ್ತು.

"ಕೇಳಿಸಿತು," ಎಂದಳು. ಅರಮನೆಯ ಬಾಗಿಲಲ್ಲಿ ಅಗುಳಿ ತೆಗೆಯುವ ಮುಂಚೆ ಹೇಳುವಂತೆಯೇ ಹೇಳಿದಳು. "ತೊಂಗ್ ಬೋಲಿನ್. ಕೇಳಿಸಿತು."

ನೀಲಿ ದಾರ ಬಿಚ್ಚುವುದು ಮರಳಿಸಿದವರ ಕೆಲಸ. ಗಂಟು ಒಣಗಿ ಕಲ್ಲಾಗಿತ್ತು, ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದೆ. ದಾರವಿದ್ದ ಜಾಗದಲ್ಲಿ ಅವನ ಚರ್ಮ ಮಗುವಿನದರಂತೆ ಬೆಳ್ಳಗಿತ್ತು. ಅವನು ಮಣಿಕಟ್ಟನ್ನು ಒಮ್ಮೆ ತಿಕ್ಕಿಕೊಂಡು, ತಲೆ ಬಾಗಿಸಿ, ಮೆಲ್ಲಗೆ, ಮದುವೆಯ ಮಂಟಪದಲ್ಲಿ ಪರದೆ ದಾಟಿ ಬಂದ ಅದೇ ದನಿಯಲ್ಲಿ ಕೇಳಿದ:

"ನೀವು ಅವನ..."

ಆ ದನಿ ನನಗೆ ಎಂದೂ 'ನೀವು' ಎಂದಿರಲಿಲ್ಲ. ಅದು ಈಗ ಅವನದು, ನನ್ನದಲ್ಲ. ನಾನು ಖಾಲಿ ಪೆಟ್ಟಿಗೆಯನ್ನು ಅವನ ಕೈಯಲ್ಲಿಟ್ಟೆ, ಹರಿದ ದಾರವನ್ನು ಅದರೊಳಗಿಟ್ಟೆ. ಇನ್ನು ನಾನು ಮಾತಾಡಬಹುದಿತ್ತು.

"ತೊಂಗ್ ಬೋಲಿನ್ ಹೆಂಡತಿ," ಎಂದೆ, ಕೊಡೆ ಬೀದಿಯ ಕೊನೆಯ ಅಂಗಡಿಗೂ ಕೇಳುವಷ್ಟು ಗಟ್ಟಿಯಾಗಿ.